ಫಿಡೆಲಿಸ್ ಊಟ ಬಿಟ್ಟ ವಾರ

ತಾಮ್ರದ ಗಣಿಯ ಚಂಬೋಲಿ ಕಾಲೋನಿಯ ಹಳಬರ ಮುಂದೆ ‘ಥರ್ಡ್ ಶಿಫ್ಟ್’ ಬ್ಯಾಂಡಿನ ಹೆಸರೆತ್ತಿ ನೋಡಿ. ಮೊಣಕಾಲು ನೋವು, ಸಕ್ಕರೆ ಕಾಯಿಲೆ ಎಲ್ಲ ಮರೆತು ಕುರ್ಚಿಯಲ್ಲೇ ಭುಜ ಕುಣಿಸುತ್ತಾರೆ. ಒಬ್ಬರಿಗೆ ಆ ಡ್ರಮ್ಮಿನ ನೆನಪು, ಇನ್ನೊಬ್ಬರಿಗೆ ನೆಲ ಗುಡಿಸುತ್ತಿದ್ದ ಆ ಬೆಲ್‌ಬಾಟಮ್ ಪ್ಯಾಂಟುಗಳ ನೆನಪು. ಮಲಾಮಾಳಿಗೆ ಮಾತ್ರ ಮೊದಲು ನೆನಪಾಗುವುದು ಹಬೆಯಾಡುತ್ತಿದ್ದ ಒಂದು ತಟ್ಟೆ ಮುದ್ದೆ, ಮತ್ತು ಅದನ್ನು ಬೇಡ ಅಂದ ಗಿಟಾರಿಸ್ಟ್ ಫಿಡೆಲಿಸ್.

ಎಪ್ಪತ್ತೈದನೇ ಇಸವಿಯ ಜೂನ್ ತಿಂಗಳು, ಗುರುವಾರ. ಪ್ರಾಕ್ಟೀಸ್ ಮುಗಿಸಿದ ಬ್ಯಾಂಡಿನ ನಾಲ್ವರೂ ಎಂದಿನಂತೆ ಮಲಾಮಾಳ ಮನೆಯ ಹಿತ್ತಿಲಿಗೆ ಬಂದು ಮಾವಿನ ಮರದ ಕೆಳಗೆ ಕೂತಿದ್ದರು. ಅವಳ ಮನೆಗೂ ಗಣಿ ಕಂಪನಿಯ ವೆಲ್‌ಫೇರ್ ಹಾಲಿಗೂ ನಡುವೆ ಇದ್ದದ್ದು ಒಂದು ಓಣಿ. ಹಾಲಿನಲ್ಲಿ ಗಿಟಾರು ಕಿರುಚಿದರೆ ಇವರ ಮನೆಯ ಲೋಟಗಳು ನಡುಗುತ್ತಿದ್ದವು. ಅಮ್ಮ ಮೊದಮೊದಲು ಬೈದಳು, ಆಮೇಲೆ ಹುಡುಗರ ಬಡಕಲು ಮೈ ನೋಡಿ ಕರೆದು ಊಟ ಹಾಕಿದಳು. ಅಲ್ಲಿಂದ ಅದೇ ಪದ್ಧತಿಯಾಯಿತು.

ಅಮ್ಮನನ್ನು ಊರೆಲ್ಲ ಕರೆಯುತ್ತಿದ್ದದ್ದು ಬನಾ ಮಲಾಮಾ ಎಂದು. ಮಲಾಮಾಳ ತಾಯಿ ಅಂತ ಅರ್ಥ. ಅವಳ ಸ್ವಂತ ಹೆಸರು ಅವಳಿಗೇ ಮರೆತಿತ್ತೋ ಏನೋ. ಆದರೆ ಅವಳ ಕೈರುಚಿಯನ್ನು ಮರೆತವರು ಚಂಬೋಲಿಯಲ್ಲಿ ಒಬ್ಬರೂ ಇರಲಿಲ್ಲ.

ಅಂದು ಮೆಕ್ಕೆಜೋಳದ ಮುದ್ದೆ, ಶೇಂಗಾ ಪುಡಿ ಹಾಕಿ ಬೇಯಿಸಿದ ಕುಂಬಳದ ಸೊಪ್ಪು, ಹುರಿದ ಒಣಮೀನು. ಅಮ್ಮ ದೊಡ್ಡ ಮುದ್ದೆಯನ್ನು ಫಿಡೆಲಿಸ್‌ನ ಮುಂದಿಟ್ಟಳು. ಯಾವತ್ತೂ ದೊಡ್ಡದು ಅವನಿಗೇ.

"ಬೇಡಮ್ಮ," ಅಂದ ಫಿಡೆಲಿಸ್.

"ಏನು ಬೇಡ?"

"ಊಟ. ಹಸಿವಿಲ್ಲ."

ಅಮ್ಮ ಸೌಟು ಹಿಡಿದೇ ನಿಂತಳು. "ಹಸಿವಿಲ್ವಾ? ನಿನಗಾ? ಮೈ ಹುಷಾರಿಲ್ವೇನೋ ಮಗನೇ?"

"ಹುಷಾರಾಗಿದೀನಿ."

"ಮತ್ತೆ? ಉಪ್ಪು ಜಾಸ್ತಿ ಆಗಿದೆ ಅಂತ ಮೂಸಿ ನೋಡಿದ್ರೇ ಗೊತ್ತಾಯ್ತಾ?"

ಅವನು ಅಮ್ಮನ ಮುಖವನ್ನೂ ನೋಡದೆ ಎದ್ದು, ಗಿಟಾರು ಬೆನ್ನಿಗೇರಿಸಿಕೊಂಡು ಗೇಟು ದಾಟಿ ಹೊರಟೇಹೋದ. ಡ್ರಮ್ ಬಾರಿಸುವ ವೈಟ್‌ಸನ್ ಮೆಲ್ಲಗೆ ಕೈ ಚಾಚಿ ಆ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. "ಹಾಳಾಗೋದು ಬೇಡ ಅಲ್ವಾಮ್ಮ," ಅಂದ.

ಬಡಿಸಿದ ಅನ್ನವನ್ನು ಬೇಡ ಅನ್ನುವುದು ನಮ್ಮ ಕಡೆ ಸಣ್ಣ ಮಾತಲ್ಲ. ಬಡಿಸಿದವಳ ಮುಖಕ್ಕೆ ಹೊಡೆದ ಹಾಗೆ. ಅಮ್ಮ ಪಾತ್ರೆಗಳನ್ನು ತೊಳೆಯುವಾಗ ಎದ್ದ ಸದ್ದು ಮೂರು ಮನೆಗೆ ಕೇಳಿಸಿತು.

"ರೇಡಿಯೋದಲ್ಲಿ ಹಾಡು ಬಂತಲ್ಲ, ತಲೆ ತಿರುಗಿದೆ," ಅಂದಳು. "ನಾಳೆಯಿಂದ ಅವನು ನನ್ನ ಹಿತ್ತಿಲಿಗೆ ಕಾಲಿಡೋದು ಬೇಡ. ಹೇಳ್ಬಿಡು."

"ನಾನ್ಯಾಕೆ ಹೇಳ್ಲಿ?" ಅಂದಳು ಮಲಾಮಾ. ಧ್ವನಿ ಗಟ್ಟಿಯಾಗಿಯೇ ಬಂತು. ಒಳಗೆ ಮಾತ್ರ ಏನೋ ಕುಸಿದುಬಿದ್ದಿತ್ತು.

ಹಾಡು ರೇಡಿಯೋದಲ್ಲಿ ಬಂದದ್ದು ನಿಜ. ನಮ್ಮ ದೇಶದವರ ಹಾಡುಗಳನ್ನೇ ಹೆಚ್ಚಾಗಿ ಹಾಕಬೇಕೆಂದು ಮೇಲಿನಿಂದ ಅಪ್ಪಣೆಯಾಗಿದ್ದ ಕಾಲ ಅದು. ಗಣಿಯೂರಿನ ಪ್ರತಿ ಬೀದಿಯಲ್ಲೂ ಒಂದು ಬ್ಯಾಂಡು. ಪಾಳಿ ಬದಲಾಗುವ ಸೈರನ್ನಿಗೆ ಅಪ್ಪಂದಿರು ಗಣಿಗೆ ಇಳಿದರೆ, ಮಕ್ಕಳು ತಲೆಗೂದಲನ್ನು ಗುಂಡಗೆ ಬುಟ್ಟಿಯಷ್ಟು ಬೆಳೆಸಿಕೊಂಡು ಗಿಟಾರು ಹಿಡಿಯುತ್ತಿದ್ದರು. ಏನು ಸೊಗಸಿನ ದಿನಗಳು! ತಾಮ್ರ ಇರುವ ತನಕ ಹಾಡೂ ಇರುತ್ತದೆ ಎಂದು ಎಲ್ಲರೂ ನಂಬಿಬಿಟ್ಟಿದ್ದೆವು.

ಪ್ರತಿ ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಹಾಲಿನಲ್ಲಿ ಟೀ-ಟೈಮ್ ಶೋ. ಚಹಾ ಯಾರೂ ಕುಡಿಯುತ್ತಿರಲಿಲ್ಲ, ಹೆಸರು ಮಾತ್ರ ಹಾಗೆ. ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಹೊರಗೆ ಬಿಡದ ಮನೆಗಳವರೂ ಇದಕ್ಕೆ ಕಳಿಸುತ್ತಿದ್ದರು. ಹೊರಗೆ ಅಮ್ಮ ಎಣ್ಣೆಯಲ್ಲಿ ಕರಿದ ಸಿಹಿ ಬೋಂಡ ಮಾರುತ್ತಿದ್ದಳು. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಟಿಕೆಟ್ ಹರಿಯುವ ಕೆಲಸ ಮಲಾಮಾಳದ್ದು.

ವರ್ಷದ ಹಿಂದೆ ಒಂದು ಭಾನುವಾರ, ಎತ್ತರದ ಅಟ್ಟೆಯ ಶೂ ಹಾಕಿಕೊಂಡವನೊಬ್ಬ ಓಡೋಡಿ ಬಂದು ಒಳಗೆ ನುಗ್ಗಲು ಹೋದ. ಅವಳು ಕಾಲು ಅಡ್ಡ ಇಟ್ಟಳು.

"ಟಿಕೆಟ್?"

"ನಾನು ಬ್ಯಾಂಡಿನವನು."

"ಎಲ್ರೂ ಅದನ್ನೇ ಹೇಳ್ತಾರೆ. ಟಿಕೆಟ್?"

"ಗಿಟಾರ್ ಕಾಣ್ಸಲ್ವಾ ಕೈಯಲ್ಲಿ?"

"ಕಾಣ್ಸುತ್ತೆ. ಗಿಟಾರಿಗೂ ಒಂದು ತಗೋ ಹಾಗಾದ್ರೆ."

ಅವನು ಅವಳನ್ನೊಮ್ಮೆ ನೋಡಿದ. ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಜೇಬಿಗೆ ಕೈ ಹಾಕಿ ಎರಡು ಟಿಕೆಟ್ಟು ಕೊಂಡ. ಹತ್ತು ನಿಮಿಷದ ಮೇಲೆ ಅವನೇ ಸ್ಟೇಜಿನ ಮೇಲೆ ನಿಂತು ಇಡೀ ಹಾಲನ್ನು ಎಬ್ಬಿಸಿ ಕುಣಿಸುವಾಗ ಮಲಾಮಾಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮುಂದಿನ ಭಾನುವಾರವೂ ಅವನು ಬಂದು ಅವಳ ಮುಂದೆ ನಿಂತು, "ಎರಡು," ಅಂದ. ಅದರ ಮುಂದಿನ ಭಾನುವಾರವೂ. ವರ್ಷವಿಡೀ ತನ್ನದೇ ಶೋಗೆ ಟಿಕೆಟ್ ಕೊಂಡ ಗಿಟಾರಿಸ್ಟ್ ಇಡೀ ದೇಶದಲ್ಲಿ ಅವನೊಬ್ಬನೇ ಇರಬೇಕು.

ಮಾತು ಅಷ್ಟೇ. ಫಿಡೆಲಿಸ್ ಮಾತಿನವನಲ್ಲ. ಹೆತ್ತ ಕೂಡಲೇ ತಾಯಿ ಹೋದಳು, ಆರು ವರ್ಷಕ್ಕೆ ಗಣಿ ಅಪ್ಪನನ್ನು ನುಂಗಿತು. ಉತ್ತರದ ಮಿಷನ್ ಹಾಸ್ಟೆಲ್ಲಿನಲ್ಲಿ ಫಾದರುಗಳ ಕೈಕೆಳಗೆ ಬೆಳೆದ. ಲ್ಯಾಟಿನ್ ಪ್ರಾರ್ಥನೆ ಬಾಯಿಪಾಠ ಇತ್ತು, ನಮ್ಮವರ ರೀತಿ ರಿವಾಜು ಹೇಳಿಕೊಡುವವರು ಯಾರೂ ಇರಲಿಲ್ಲ. ಸ್ಟೇಜಿನ ಮೇಲೂ ತಂತಿ ನೋಡಿಕೊಂಡೇ ನುಡಿಸುತ್ತಿದ್ದ. ಕೊನೆಯ ಹಾಡಿನಲ್ಲಿ ಮಾತ್ರ, ಕಾಲಡಿಯ ಫಝ್ ಡಬ್ಬಿಯನ್ನು ಒತ್ತಿ ಗಿಟಾರನ್ನು ಗುರ್ ಅನ್ನಿಸುವ ಮುಂಚೆ, ತಲೆ ಎತ್ತಿ ಬಾಗಿಲ ಕಡೆ ನೋಡುತ್ತಿದ್ದ. ಒಂದೇ ಒಂದು ಸಲ. ಮಲಾಮಾ ಆಗ ಹರಿದ ಟಿಕೆಟ್ಟುಗಳನ್ನು ಜೋಡಿಸುವವಳಂತೆ ತಲೆ ತಗ್ಗಿಸುತ್ತಿದ್ದಳು. ತಗ್ಗಿಸಿಯೂ ನೋಡುವ ವಿದ್ಯೆ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಒಂದು ನೋಟವನ್ನು ನಂಬಿ ಅವಳು ವರ್ಷ ಕಾದಿದ್ದಳು. ಎನ್ಡೋಲಾದ ಸೋದರತ್ತೆ ಎರಡು ಸಂಬಂಧ ತಂದಾಗ ಎರಡು ನೆಪ ಹೇಳಿದ್ದಳು. ಮೂರನೆಯದು ಬರುವುದರಲ್ಲಿತ್ತು, ನೆಪಗಳು ಮುಗಿದಿದ್ದವು. ಬರುವ ಸೋಮವಾರ ಬ್ಯಾಂಡು ನೈರೋಬಿಗೆ ಹೊರಟಿತ್ತು. ಅಲ್ಲಿ ರೆಕಾರ್ಡಿಂಗು, ಆಮೇಲೆ ಹೋಟೆಲೊಂದರಲ್ಲಿ ಎಂಟು ತಿಂಗಳ ಕಾಂಟ್ರಾಕ್ಟು. ಹೋಗುವ ಮುಂಚೆ ಅವನು ಒಂದು ಮಾತು ಹೇಳಿಯೇ ಹೇಳುತ್ತಾನೆ ಎಂದುಕೊಂಡಿದ್ದಳು. ಹೇಳುವುದಿರಲಿ, ಮನೆಯ ತಟ್ಟೆಯನ್ನೇ ತಳ್ಳಿಹೋಗಿದ್ದ.

ಶುಕ್ರವಾರ ಸಂಜೆ ನೇರ ಹಾಲಿಗೆ ನುಗ್ಗಿದಳು. ಫಿಡೆಲಿಸ್ ಒಬ್ಬನೇ ಕೂತು ತಂತಿ ಬಿಗಿಯುತ್ತಿದ್ದ.

"ನಮ್ಮನೆ ಊಟ ಈಗ ಗಂಟಲಲ್ಲಿ ಇಳಿಯಲ್ವಾ?"

"ಹಾಗಲ್ಲ ಮಲಾಮಾ."

"ಮತ್ತೆ ಹೇಗೆ?"

"ಹೇಳ್ಬಾರದು." ಆಮೇಲೆ ಆಸೆಯಿಂದ ಮುಖ ಎತ್ತಿದ. "ಅಮ್ಮ ಏನೂ ಅನ್ಲಿಲ್ವಾ?"

"ಅಂದ್ರು. ತಲೆ ತಿರುಗಿದೆ ಅಂದ್ರು. ಹಿತ್ತಿಲಿಗೆ ಕಾಲಿಡ್ಬೇಡ ಅಂದ್ರು."

ಅವನ ಮುಖ ಸಪ್ಪಗಾಯಿತು. "ಅಷ್ಟೇನಾ? ಬೇರೇನೂ ಅರ್ಥ ಆಗ್ಲಿಲ್ವಾ ಅವರಿಗೆ?"

"ಇನ್ನೇನು ಅರ್ಥ ಆಗ್ಬೇಕು? ಊಟ ಬೇಡ ಅಂದೆ, ಮುಖ ತಿರುಗಿಸಿ ಹೋದೆ. ಅದರಲ್ಲಿ ಅರ್ಥ ಆಗದೇ ಇರೋದು ಏನಿದೆ?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಸೋಮವಾರ ಹೋಗ್ತೀಯ. ಅದಕ್ಕೆ ಮುಂಚೆ ನನಗೆ ಹೇಳೋದು ಏನಾದ್ರೂ ಇದ್ರೆ ಹೇಳು. ಇಲ್ದಿದ್ರೆ ಇಲ್ಲ ಅಂತನಾದ್ರೂ ಹೇಳು."

ಫಿಡೆಲಿಸ್ ಮತ್ತೆ ತಂತಿಯ ಕಡೆ ಬಗ್ಗಿದ. "ಇನ್ನೆರಡು ದಿನ ನೋಡೋಣ," ಅಂದ.

"ನೀನೇ ನೋಡು," ಅಂದು ಮಲಾಮಾ ಹೊರಬಂದಳು. ಅಂದು ಅಮ್ಮ ಕರೆದರೂ ಅವಳು ಊಟಕ್ಕೆ ಏಳಲಿಲ್ಲ.

ಭಾನುವಾರದ ಶೋಗೆ ಕಾಲಿಡಲು ಜಾಗವಿರಲಿಲ್ಲ. ಕೊನೆಯ ಶೋ ಅಲ್ಲವೇ, ಚಿಂಗೋಲಾ, ಮುಫುಲಿರಾದಿಂದಲೂ ಜನ ಬಂದಿದ್ದರು. ಫಿಡೆಲಿಸ್ ಬಂದು "ಎರಡು" ಅಂದಾಗ ಮಲಾಮಾ ಮುಖ ನೋಡದೆ ಹರಿದು ಕೊಟ್ಟಳು. ಕೊನೆಯ ಹಾಡಿನಲ್ಲಿ ಅವನು ತಲೆ ಎತ್ತಿದಾಗ ಅವಳು ಬೇಕೆಂದೇ ಬಾಗಿಲ ಹೊರಗೆ ತಿರುಗಿ ಕೂತಿದ್ದಳು. ಬೆನ್ನ ಹಿಂದೆ ಗಿಟಾರು ಗುರ್ ಎಂದಿತು. ಎಂದಿಗಿಂತ ಹೆಚ್ಚು ಹೊತ್ತು ಅಂದಿತು.

ಐದು ಗಂಟೆಯ ಇಳಿಬಿಸಿಲಲ್ಲಿ ತಾಯಿ ಮಗಳು ಓಣಿಯಲ್ಲಿ ಮನೆಗೆ ಹೊರಟರು. ಅಮ್ಮನ ತಲೆಯ ಮೇಲೆ ಖಾಲಿ ಬೇಸಿನ್ನು. ಓಣಿಯ ಒಂದು ಕಡೆ ಹಾಲಿನ ಗೋಡೆ, ಇನ್ನೊಂದು ಕಡೆ ಮಳೆನೀರಿನ ಚರಂಡಿ. ಮಳೆಯಿಲ್ಲದ ಕಾಲವಾದ್ದರಿಂದ ಒಣಗಿತ್ತು, ಪುಣ್ಯ. ಯಾಕೆಂದರೆ ಅದೇ ಹೊತ್ತಿಗೆ ಮೂಲೆ ತಿರುಗಿ ಎದುರು ಬಂದ ಫಿಡೆಲಿಸ್, ಅಮ್ಮನನ್ನು ಕಂಡವನೇ, ಬಿಳಿ ಬೆಲ್‌ಬಾಟಮ್ ಸಮೇತ, ಗಿಟಾರು ಸಮೇತ, ಚರಂಡಿಗೆ ಹಾರಿಬಿಟ್ಟ.

"ನನ್ನ ಮುಖ ಕಂಡ್ರೆ ಅಷ್ಟು ಅಸಹ್ಯ ಆಗೋಯ್ತೇನೋ ನಿನಗೆ!" ಅಮ್ಮ ಕೂಗಿದಳು.

ಅವನು ಇವರಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತಿದ್ದ. ತಲೆ ತಗ್ಗಿತ್ತು, ಗಿಟಾರನ್ನು ಮುಖಕ್ಕೆ ಮರೆ ಹಿಡಿದಿದ್ದ. ಗುಂಡಗಿನ ಕೂದಲು ಮಾತ್ರ ಚರಂಡಿಯ ಮೇಲೆ ಕಾಣುತ್ತಿತ್ತು.

ಅಮ್ಮ ಬೈಯಲು ಮತ್ತೆ ಬಾಯಿ ತೆರೆದಳು, ಹಾಗೇ ನಿಂತಳು. ಈ ಕೂರುವಿಕೆಯನ್ನು ಅವಳು ನೋಡಿದ್ದಳು. ಇಪ್ಪತ್ತೆರಡು ವರ್ಷದ ಹಿಂದೆ ಹಳ್ಳಿಯ ದಾರಿಯಲ್ಲಿ ತನ್ನ ತಾಯಿ ಎದುರಾದಾಗ, ತನ್ನ ಗಂಡ ಹುತ್ತದ ಹಿಂದೆ ಹೋಗಿ ಹೀಗೇ ಕೂತಿದ್ದ. ಹೊಸ ಅಳಿಯ ಅತ್ತೆಗೆ ಮುಖ ಕೊಡುವಂತಿಲ್ಲ. ದಾರಿಯಲ್ಲಿ ಎದುರಾದರೆ ಮರೆಯಾಗಬೇಕು. ಅವಳ ಮನೆಯಲ್ಲಿ ಒಂದು ತುತ್ತೂ ಮುಟ್ಟಬಾರದು, ಅವಳೇ ಹತ್ತಾರು ಬಗೆ ಅಡುಗೆ ಮಾಡಿಸಿ, ಕರೆದು, ಒಲೆಯ ಬೆಂಕಿ ತೋರಿಸುವ ಶಾಸ್ತ್ರ ಮಾಡುವ ತನಕ. ಆದರೆ ಅದೆಲ್ಲ ಮಧ್ಯಸ್ಥ ಬಂದು ಹೆಣ್ಣು ಕೇಳುವ ತಟ್ಟೆ ಇಟ್ಟು, ಹೆಣ್ಣಿನ ಮನೆಯವರು ಒಪ್ಪಿದ ಮೇಲಿನ ಮಾತು. ಕೇಳದೆ, ಕೊಡದೆ, ತಾನಾಗಿಯೇ ಅಳಿಯನಾಗಿ ಕೂತವನನ್ನು ಚಂಬೋಲಿ ಅದುವರೆಗೆ ಕಂಡಿರಲಿಲ್ಲ.

ಅಮ್ಮ ಬೇಸಿನ್ನು ಕೆಳಗಿಟ್ಟಳು. "ಮಲಾಮಾ, ಇವನು ನಿನ್ನ ಹತ್ರ ಏನಾದ್ರೂ ಹೇಳಿದ್ನಾ?"

"ಇಲ್ಲಮ್ಮ."

"ಯಾರನ್ನಾದ್ರೂ ಕಳಿಸಿದ್ನಾ?"

"ಯಾರೂ ಬಂದಿಲ್ಲ. ಯಾಕೆ?"

ಅಮ್ಮ ನಕ್ಕಳು. ನಿಂತು ನಗಲಾಗದೆ ಗೋಡೆಗೊರಗಿ ನಕ್ಕಳು, ಕೂತು ನಕ್ಕಳು, ಸೊಂಟಕ್ಕೆ ಸುತ್ತಿದ ಬಟ್ಟೆಯ ಅಂಚಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. "ನನ್ನನ್ನ ಅತ್ತೆ ಮಾಡ್ಕೊಂಡ್ಬಿಟ್ಟಿದಾನೆ ಕಣೇ! ನನಗೇ ಹೇಳ್ದೇ!"

ಮಲಾಮಾಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕಿವಿಯ ತುದಿಯವರೆಗೂ ಬಿಸಿಯಾಯಿತು.

ಅಷ್ಟರಲ್ಲಿ ಅಮ್ಮ ನಗು ನುಂಗಿ, ಬಟ್ಟೆಯನ್ನು ತಲೆಗೆ ಹೊದ್ದು, ಚರಂಡಿಗೆ ಬೆನ್ನು ಮಾಡಿ ಕೂತಿದ್ದಳು. ಗೋಡೆಯನ್ನು ನೋಡುತ್ತಾ ಗಂಭೀರವಾಗಿ ಅಂದಳು, "ಆ ಚರಂಡೀಲಿ ಇರೋರನ್ನ ಕೇಳು. ಅವರು ಯಾರ ಮನೆ ಅಳಿಯ ಅಂತೆ?"

ಐದು ನಿಮಿಷದ ಹಿಂದೆ ಅವನು ಇವನು ಆಗಿದ್ದವನು ಈಗ ಅವರು!

"ಫಿಡೆಲಿಸ್... ಅಮ್ಮ ಕೇಳ್ತಿದ್ದಾರೆ..."

"ಕೇಳಿಸ್ತು," ಅಂತು ಚರಂಡಿ.

"ಕೇಳಿಸಿದ್ರೂ ನೀನು ಹೇಳ್ಬೇಕು, ಕ್ರಮ ಅಂದ್ರೆ ಕ್ರಮ," ಅಂದಳು ಅಮ್ಮ ಗೋಡೆಗೆ.

ಮಲಾಮಾ ಹೇಳಿದಳು. ಅವನು ಅಂದ, "ಅಮ್ಮನಿಗೆ ಹೇಳು, ಒಪ್ಪಿದ್ರೆ ಅವರ ಮನೆ ಅಳಿಯ. ಒಪ್ಪದಿದ್ರೆ ಚರಂಡೀಲಿ ಬಿದ್ದಿರೋ ಒಬ್ಬ ಗಿಟಾರಿನೋನು."

"ಬಾಯಿ ಬಿಟ್ಟು ಯಾಕೆ ಹೇಳ್ಲಿಲ್ಲ ಅಂತ ಕೇಳು."

"ವೈಟ್‌ಸನ್ ಹೇಳ್ಕೊಟ್ಟ. ಹುಡುಗಿ ಹತ್ರ ನೇರ ಹೇಳಿದ್ರೆ ಬಾಯಿ ಸಡಿಲ ಅಂತಾರೆ, ಮೊದಲು ಊಟ ಬಿಡು, ಅತ್ತೆ ಎದುರಾದ್ರೆ ಮರೆಯಾಗು, ಮನೆಯವರಿಗೆ ತಾನಾಗೇ ಗೊತ್ತಾಗುತ್ತೆ, ಅವರೇ ಮುಂದಿನದು ಹೇಳಿ ಕಳಿಸ್ತಾರೆ ಅಂತ."

"ಅಂಗೋನಿಯವನ ಮಾತು ಕೇಳಿದ್ರಾ!" ಅಮ್ಮ ಹಣೆ ಬಡಿದುಕೊಂಡಳು. ಬೆಂಬಾ ಬುಡಕಟ್ಟಿನವರಿಗೂ ವೈಟ್‌ಸನ್‌ನ ಅಂಗೋನಿ ಬುಡಕಟ್ಟಿನವರಿಗೂ ಅಜ್ಜಂದಿರ ಕಾಲದಿಂದ ಕಾಲೆಳೆಯುವ ಸಲಿಗೆ. "ಅಂಗೋನಿಯವನನ್ನ ಕೇಳಿ ಬೆಂಬಾ ಹುಡುಗಿ ಮದುವೆ ಆಗೋಕೆ ಹೊರಟ್ರೆ ಚರಂಡಿಗಲ್ದೆ ಇನ್ನೆಲ್ಲಿಗೆ ಬೀಳ್ತಾರೆ? ಕೇಳು, ಗುರುವಾರದಿಂದ ಹೊಟ್ಟೆಗೆ ಏನು ಹಾಕಿದ್ದಾರೆ?"

"ಬ್ರೆಡ್ಡು."

"ಬರೀ ಬ್ರೆಡ್ಡಾ?" ಅಮ್ಮನ ಧ್ವನಿ ಮೆತ್ತಗಾಯಿತು. ಬೆನ್ನು ಮಾತ್ರ ತಿರುಗಲಿಲ್ಲ. "ಸರಿ. ಈ ಹುಡುಗೀನೇ ಯಾಕೆ ಬೇಕು ಅಂತ ಕೇಳು."

"ಅಮ್ಮಾ!"

"ಕೇಳು. ನಾನು ನೇರ ಕೇಳೋ ಹಾಗಿಲ್ವಲ್ಲ."

ಮಲಾಮಾ ಕೇಳಲಿಲ್ಲ. ಅವನು ತಾನಾಗಿಯೇ, ಗಿಟಾರಿನ ಹಿಂದಿನಿಂದ ಹೇಳತೊಡಗಿದ.

"ಸ್ಟೇಜ್ ಹತ್ತಿದ್ರೆ ನನ್ನ ಕೈ ನಡುಗುತ್ತೆ. ಯಾರಿಗೂ ಗೊತ್ತಿಲ್ಲ. ಬಾಗಿಲಲ್ಲಿ ಇವಳು ಕೂತಿದಾಳೆ ಅಂತ ಗೊತ್ತಾದ್ರೆ ನಿಲ್ಲುತ್ತೆ. ಮಾರ್ಚಲ್ಲಿ ಇವಳಿಗೆ ಮಲೇರಿಯಾ ಬಂದಿತ್ತಲ್ಲ, ಆ ಭಾನುವಾರ ಮೂರು ಹಾಡು ತಪ್ಪು ನುಡಿಸ್ದೆ. ನೈರೋಬಿಯಲ್ಲಿ ಏನು ಮಾಡ್ತೀನೋ ಗೊತ್ತಿಲ್ಲ. ಇವಳು ನನ್ನೋಳು ಅಂತ ಗೊತ್ತಿದ್ರೆ ಎಲ್ಲಿದ್ರೂ ನುಡಿಸಬಹುದು ಅನ್ಸುತ್ತೆ."

ಹಾಲಿನೊಳಗೆ ಯಾರೋ ಕುರ್ಚಿ ಎಳೆದು ಜೋಡಿಸುತ್ತಿದ್ದ ಸದ್ದು ಮಾತ್ರ ಕೇಳುತ್ತಿತ್ತು.

"ಏನಂತೆ?" ಅಂದಳು ಅಮ್ಮ. ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದಳು.

"ಅವರು..." ಮಲಾಮಾ ಅಳುತ್ತಲೇ ನಕ್ಕಳು. "ನಾನಿಲ್ದಿದ್ರೆ ಕೈ ನಡುಗುತ್ತಂತೆ ಅಮ್ಮ."

"ಸಾಕು. ನಿನ್ನ ಉತ್ತರ ಇಲ್ಲಿ ಬೇಡ, ಅದನ್ನ ತಟ್ಟೆ ಮುಂದೆ ಕೇಳ್ತಾರೆ." ಅಮ್ಮ ಎದ್ದು ಬೇಸಿನ್ನು ಹೊತ್ತಳು. "ಹೇಳು, ಈಗಲೇ ಹಾಲಿನ ವಾಚ್‌ಮನ್ ಚಿಟುಂಡು ಅಜ್ಜನ ಕಾಲು ಹಿಡೀಲಿ. ದೊಡ್ಡೋರು ಇಲ್ದೋರಿಗೆ ಅಜ್ಜ ದೊಡ್ಡೋರು. ಬೆಳಿಗ್ಗೆ ನಿಮ್ಮಪ್ಪ ಪಾಳಿಗೆ ಹೋಗೋದ್ರೊಳಗೆ ಬರಬೇಕು. ಮತ್ತೆ ಆ ಬಿಳಿ ಪ್ಯಾಂಟಿನ ಕಲೆಗೆ ನಿಂಬೆಹಣ್ಣು ಉಜ್ಜಬೇಕು ಅಂತ ಹೇಳು."

ಸೋಮವಾರ ಬೆಳಿಗ್ಗೆ ಆರೂವರೆಗೆ ಚಿಟುಂಡು ಅಜ್ಜ ಕೋಟು ತೊಟ್ಟು ಬಂದರು. ನೆಲದ ಮೇಲೆ ಮಂಡಿಯೂರಿ, ಗೌರವಕ್ಕೆ ಚಪ್ಪಾಳೆ ತಟ್ಟಿ, ಒಂದರ ಮೇಲೊಂದು ಕವುಚಿದ ಎರಡು ತಟ್ಟೆಗಳನ್ನು ಅಪ್ಪನ ಮುಂದಿಟ್ಟರು. ಹೊರಗೆ ಬೀದಿಯಲ್ಲಿ ಬ್ಯಾಂಡಿನ ವ್ಯಾನು ಎಂಜಿನ್ ಆರಿಸದೆ ನಿಂತಿತ್ತು, ವೈಟ್‌ಸನ್ ಆಗಾಗ ಹಾರ್ನು ಒತ್ತುತ್ತಿದ್ದ.

ಅಪ್ಪ ಗಣಿಯ ಬೂಟು ಹಾಕಿಕೊಂಡೇ ಕೂತಿದ್ದ. ಮಾತು ಕಡಿಮೆಯ ಮನುಷ್ಯ. "ಮಲಾಮಾ, ಈ ತಟ್ಟೆ ಎಲ್ಲಿಂದ ಬಂದಿದೆ ಗೊತ್ತಾ?"

"ಗೊತ್ತು."

"ತೆಗೆಯೋಣವೋ, ವಾಪಸ್ ಕಳಿ..."

ಒಳ್ಳೆಯ ಮನೆಯ ಹುಡುಗಿ ಇಲ್ಲಿ ತಲೆ ತಗ್ಗಿಸಿ ಸುಮ್ಮನಿರಬೇಕು. ಮೂರು ಸಲ ಕೇಳಿಸಿಕೊಂಡ ಮೇಲೆ ಮೆಲ್ಲಗೆ ಹೂಂ ಅನ್ನಬೇಕು. ಅಪ್ಪನ ಮಾತು ಮುಗಿಯುವ ಮುಂಚೆಯೇ ಮಲಾಮಾ ಮೇಲಿನ ತಟ್ಟೆ ಎತ್ತಿಯಾಗಿತ್ತು. ಒಳಗೆ ಒಂದು ನೋಟು, ಬಿಳಿ ಮಣಿಯ ಸಣ್ಣ ಸರ. ಅಜ್ಜ ಕೆಮ್ಮಿ ನಗು ಮುಚ್ಚಿಕೊಂಡರು.

"ನಾಚಿಕೆ ಆಗಲ್ವೇನೇ ನಿನಗೆ!" ಅಂದ ಅಮ್ಮ ಬಟ್ಟೆಯ ಅಂಚಲ್ಲಿ ಮುಖ ಮುಚ್ಚಿ ಅಡುಗೆಮನೆಗೆ ಹೋದಳು. ಮಲಾಮಾ ಹಿಂದೆಯೇ ಹೋದಾಗ ಅವಳು ಒಲೆಯ ಮುಂದೆ ನಿಂತು ಅಳುತ್ತಿದ್ದಳು.

"ಯಾಕಮ್ಮ?"

"ತಾಯಿ ಇಲ್ಲದ ಹುಡುಗ. ಒಂದು ವರ್ಷ ಎದುರು ಕೂರಿಸ್ಕೊಂಡು ಬಡಿಸ್ದೆ. ಇನ್ಮೇಲೆ ಮಗನೇ ಅಂತ ಕರೆಯೋ ಹಾಗೂ ಇಲ್ಲ, ಉಣ್ಣೋದು ನೋಡೋ ಹಾಗೂ ಇಲ್ಲ." ಮೂಗು ಒರೆಸಿಕೊಂಡು, ಬಟ್ಟೆ ಸುತ್ತಿದ ದೊಡ್ಡ ಡಬ್ಬಿಯೊಂದನ್ನು ಮಗಳ ಕೈಗಿಟ್ಟಳು. "ಇದನ್ನ ಆ ಅಂಗೋನಿಗೆ ಕೊಡು. ಅವನಿಗೇ ಅಂತ ಕೊಟ್ಟದ್ದು. ಅವನು ದಾರೀಲಿ ಯಾರಿಗೆ ಹಂಚ್ತಾನೋ ನಾನು ಕಂಡಿಲ್ಲ."

ಮಲಾಮಾ ಡಬ್ಬಿ ಹಿಡಿದು ಬೀದಿಗೆ ಓಡಿದಳು. ವೈಟ್‌ಸನ್ ಅದನ್ನು ಮೂಸಿ ನೋಡಿ, ಎರಡೂ ಕೈಯಿಂದ ಕಣ್ಣಿಗೊತ್ತಿಕೊಂಡು ಗಾಡಿಯ ಒಳಗೆ ಕೊಟ್ಟ. ಫಿಡೆಲಿಸ್ ಹಿಂದಿನ ಕಿಟಕಿಯಲ್ಲಿದ್ದ.

"ತೆಗೆದ್ರಾ?"

"ನಾನೇ ತೆಗೆದೆ."

ಅವನು ಉಸಿರು ಬಿಟ್ಟ. "ಹಾಗಾದ್ರೆ ಈಗ ನಿನಗೆ ನೇರ ಹೇಳಬಹುದಾ?"

"ಇನ್ನು ಯಾವಾಗ ಹೇಳ್ತೀಯ? ಹೇಳು!"

ವರ್ಷವಿಡೀ "ಎರಡು" ಅನ್ನುವುದರ ಹೊರತು ಬಾಯಿ ಬಿಡದವನು ಅಂದು ಹೇಳತೊಡಗಿದ. ಯಾವ ಭಾನುವಾರ ಅವಳು ಹಳದಿ ರವಿಕೆ ಹಾಕಿದ್ದಳು, ಯಾವ ಭಾನುವಾರ ಕಿವಿಯ ಓಲೆ ಒಂದೇ ಇತ್ತು, ಅವಳು ನಗುವ ಮುಂಚೆ ಮೂಗು ಹೇಗೆ ಸುಕ್ಕಾಗುತ್ತದೆ. ವ್ಯಾನು ಹೊರಟಿತು. ಅವನು ನಿಲ್ಲಿಸಲಿಲ್ಲ. ಮಲಾಮಾ ಕಿಟಕಿಯ ಪಕ್ಕದಲ್ಲೇ ನಡೆದಳು, ಆಮೇಲೆ ಬೇಗ ಬೇಗ ನಡೆದಳು, ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಕೆಲಸಕ್ಕೆ ಹೊರಟ ಗಣಿಯವರೆಲ್ಲ ನಿಂತು ನೋಡಿದರು, ಸಿಳ್ಳೆ ಹಾಕಿದರು. ಅವಳಿಗೆ ಯಾರೂ ಕಾಣಿಸಲಿಲ್ಲ. ಬೀದಿಯ ತುದಿಯಲ್ಲಿ ವ್ಯಾನು ಗೇರು ಬದಲಿಸಿ ಟಾರು ರಸ್ತೆಗೆ ಹತ್ತಿತು. ಅವನು ಅರ್ಧ ಮೈ ಹೊರಗೆ ಹಾಕಿ ಇನ್ನೇನೋ ಕೂಗಿ ಹೇಳಿದ. ಅದು ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಅದನ್ನು ಕೇಳಲು ಅವಳು ಎಂಟು ತಿಂಗಳು ಕಾದಳು.